ಅಗೆದ ಬೀದಿಗಳ ಊರು

ಬೆಂಗಳೂರಿನ ನೆಲದಡಿಯ ರೈಲಿನಲ್ಲಿ ಈಗ ಹಾಸನ, ತುಮಕೂರು, ದಾವಣಗೆರೆಗಳಿಂದ ಬಂದ ಹೆಂಗಸರೂ ಮಕ್ಕಳ ಕೈ ಹಿಡಿದುಕೊಂಡು ಸಲೀಸಾಗಿ ಓಡಾಡುತ್ತಾರೆ. ಮದುವೆಯ ಜವಳಿ ತರಲು ಚಿಕ್ಕಪೇಟೆಗೆ ಹೋಗುವವರಿಗೂ ಅದು ಅನುಕೂಲವಾಗಿದೆ. ಆದರೆ ನಮ್ಮ ದೇಶದಲ್ಲಿ ಮೊದಲು ನೆಲದೊಳಗೆ ರೈಲು ಓಡಿಸಿದ ಊರು ಬೆಂಗಳೂರೂ ಅಲ್ಲ, ದಿಲ್ಲಿಯೂ ಅಲ್ಲ. ಅದು ಕಲ್ಕತ್ತೆ. 1984ರ ಅಕ್ಟೋಬರ್ 24ರಂದು ಅಲ್ಲಿ ಮೊದಲ ಬಂಡಿ ಓಡಿತು. ದಿಲ್ಲಿಯ ಮೆಟ್ರೊ ಆರಂಭವಾದದ್ದು ಅದಾದ ಹದಿನೆಂಟು ವರ್ಷಗಳ ನಂತರ, 2002ರ ಡಿಸೆಂಬರಿನಲ್ಲಿ. ನಮ್ಮದು 2011ರಲ್ಲಿ.

ಕಲ್ಕತ್ತೆಯ ಈ ರೈಲಿನ ಬಗ್ಗೆ ನಾನು ಬರೆಯಲು ಒಂದು ಕಾರಣವಿದೆ. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. 1982ರಲ್ಲಿ ಕಲ್ಕತ್ತೆಗೆ ವರ್ಗವಾಯಿತು. ಊರಿನವರೆಲ್ಲ ಅಯ್ಯೋ ಪಾಪ ಎಂದರು. ನಾವು ಮನೆ ಹಿಡಿದದ್ದು ದಕ್ಷಿಣದ ಲೇಕ್ ಮಾರ್ಕೆಟ್ ಬಳಿ. ದಕ್ಷಿಣ ಭಾರತದವರು ಹೆಚ್ಚಾಗಿದ್ದ ಬಡಾವಣೆಯಾದ್ದರಿಂದ ಕರಿಬೇವು, ತೆಂಗಿನಕಾಯಿ, ಕಾಫಿಪುಡಿಗೆ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ರಸ್ತೆ ದಾಟುವುದಕ್ಕೆ. ಮನೆಯಿಂದ ಹತ್ತು ಹೆಜ್ಜೆ ನಡೆದು ದೊಡ್ಡ ರಸ್ತೆಗೆ ಬಂದರೆ ರಸ್ತೆಯೇ ಇಲ್ಲ! ಮೂರಾಳು ಆಳದ ಹಳ್ಳ, ಅದರಲ್ಲಿ ಕಬ್ಬಿಣದ ತೊಲೆಗಳು, ಕೆಸರು ನೀರು, ಪಂಪುಗಳ ಗದ್ದಲ. ಹಳ್ಳದ ಮೇಲೆ ಹಲಗೆ ಹಾಸಿದ ಸೇತುವೆ. ಅದರ ಮೇಲೆ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ದಾಟಬೇಕು. ‘ಏನಿದು?’ ಎಂದು ಕೇಳಿದರೆ ಬಂದ ಉತ್ತರ, ‘ಪಾತಾಳ ರೇಲ್.’ ಬಂಗಾಳಿಗಳು ಮೆಟ್ರೊಗೆ ಇಟ್ಟ ಹೆಸರು ಅದು. ಪಾತಾಳವನ್ನಂತೂ ಕಣ್ಣಾರೆ ಕಾಣುತ್ತಿದ್ದೆ. ರೇಲ್ ಎಲ್ಲೂ ಕಾಣುತ್ತಿರಲಿಲ್ಲ.

ಕಲ್ಕತ್ತೆಯಲ್ಲಿ ನೆಲದಡಿ ರೈಲು ಓಡಿಸುವ ಯೋಚನೆ ಹೊಸದೇನಲ್ಲ. ಲಂಡನ್ನಿನಲ್ಲಿ 1863ರಲ್ಲೇ ಅಂಥ ರೈಲು ಓಡಿತ್ತು. ಅಲ್ಲಿಯ ಹಾರ್ಲಿ ಡಾಲ್ರಿಂಪಲ್-ಹೇ ಎಂಬ ಎಂಜಿನಿಯರು 1921ರಲ್ಲಿ ಕಲ್ಕತ್ತೆಗೂ ಒಂದು ಯೋಜನೆ ತಯಾರಿಸಿಕೊಟ್ಟರು. ಹೂಗ್ಲಿ ನದಿಯ ಅಡಿಯಲ್ಲಿ ಸುರಂಗ ಕೊರೆದು ಈ ದಡದ ಕಲ್ಕತ್ತೆಯನ್ನೂ ಆ ದಡದ ಹೌರಾವನ್ನೂ ಕೂಡಿಸುವ ಯೋಜನೆ. ಹಣವಿಲ್ಲದೆ ಅದು ಕಾಗದದಲ್ಲೇ ಉಳಿಯಿತು. ಅದೇ ಎಂಜಿನಿಯರು 1931ರ ಹೊತ್ತಿಗೆ ಹೂಗ್ಲಿಯ ಕೆಳಗೆ ಒಂದು ಚಿಕ್ಕ ಸುರಂಗ ಮಾಡಿದ್ದು ನಿಜ. ಆದರೆ ಅದು ವಿದ್ಯುತ್ ತಂತಿ ಹಾಯಿಸುವುದಕ್ಕೆ. ಕರೆಂಟು ನದಿಯ ಕೆಳಗೆ ದಾಟಿತು, ಜನ ದಾಟಲು ಇನ್ನೂ ತೊಂಬತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

ಸ್ವಾತಂತ್ರ್ಯ ಬಂದಾಗ ದೇಶ ಇಬ್ಭಾಗವಾಯಿತಲ್ಲ, ಪೂರ್ವ ಬಂಗಾಳದಿಂದ ನಿರಾಶ್ರಿತರು ತಂಡತಂಡವಾಗಿ ಕಲ್ಕತ್ತೆಗೆ ಬಂದರು. ಜನ ಹೆಚ್ಚಿದರು, ರಸ್ತೆ ಹೆಚ್ಚಲಿಲ್ಲ. ಊರಿನ ವಿಸ್ತೀರ್ಣದಲ್ಲಿ ರಸ್ತೆಗೆ ಸಿಕ್ಕ ಪಾಲು ಶೇಕಡಾ 4ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ದಿಲ್ಲಿಯಲ್ಲಿ ಅದು ಶೇಕಡಾ 25ರಷ್ಟಿತ್ತು. ಟ್ರಾಮು, ಬಸ್ಸು, ಮನುಷ್ಯರು ಎಳೆಯುವ ರಿಕ್ಷಾ, ಕೈಗಾಡಿ ಎಲ್ಲವೂ ಆ ಇಷ್ಟಗಲದಲ್ಲೇ ನುಗ್ಗಬೇಕು. ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್‌ಚಂದ್ರ ರಾಯ್ ಅವರು 1949ರಲ್ಲಿ ಫ್ರಾನ್ಸಿನ ತಜ್ಞರನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಅದೂ ಮುಂದುವರಿಯಲಿಲ್ಲ. ಕೊನೆಗೆ 1969ರಲ್ಲಿ ರೈಲ್ವೆ ಇಲಾಖೆಯ ಪ್ರತ್ಯೇಕ ಕಚೇರಿಯೇ ಹುಟ್ಟಿ, ಸೋವಿಯತ್ ತಜ್ಞರ ನೆರವಿನಿಂದ 1971ರಲ್ಲಿ ನಕ್ಷೆ ಸಿದ್ಧವಾಯಿತು. ಡಂಡಂನಿಂದ ಟಾಲಿಗಂಜ್‌ವರೆಗೆ, ಉತ್ತರದಿಂದ ದಕ್ಷಿಣಕ್ಕೆ, 16.45 ಕಿಲೋಮೀಟರು. 1972ರ ಡಿಸೆಂಬರ್ 29ರಂದು ಇಂದಿರಾಗಾಂಧಿಯವರು ಅಡಿಗಲ್ಲಿಟ್ಟರು.

ಅಡಿಗಲ್ಲಿಡುವುದು ಒಂದು ದಿನದ ಕೆಲಸ. ಮುಂದಿನದು ಇಪ್ಪತ್ತಮೂರು ವರ್ಷಗಳದ್ದಾಯಿತು.

ನಮ್ಮ ಉತ್ತರ ಕರ್ನಾಟಕದ ಕಡೆ ಹಿಂದೆ ಜೋಳ ಕೂಡಿಡಲು ಹಗೇವು ತೋಡುತ್ತಿದ್ದರು. ಮೇಲಿನಿಂದ ನೆಲ ಅಗೆದು, ಒಳಗೆ ಕಾಳು ತುಂಬಿ, ಬಾಯಿ ಮುಚ್ಚಿ, ಮಣ್ಣು ಹಾಕಿ ಮೇಲೆ ಓಡಾಡುವುದು. ಕಲ್ಕತ್ತೆಯ ರೈಲಿನ ಬಹುಭಾಗ ಮಾಡಿದ್ದೂ ಹೆಚ್ಚು ಕಡಿಮೆ ಅದೇ ರೀತಿ. ಆ ಊರಿನ ಕೆಳಗೆ ನಮ್ಮಲ್ಲಿರುವಂತೆ ಬಂಡೆಯಿಲ್ಲ, ಗಂಗೆ ತಂದು ಹಾಕಿದ ಮೆತ್ತನೆಯ ಮಣ್ಣು. ಸ್ವಲ್ಪ ಅಗೆದರೆ ನೀರು. ಆದ್ದರಿಂದ ಮೊದಲು ರಸ್ತೆಯ ಎರಡೂ ಅಂಚಿಗೆ ಕಿರಿದಾದ ಆಳದ ಕಾಲುವೆ ತೋಡುತ್ತಿದ್ದರು. ಮಣ್ಣು ಕುಸಿಯದಂತೆ ಅದಕ್ಕೆ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಗಂಜಿ ತುಂಬುತ್ತಿದ್ದರು. ಆ ಗಂಜಿಯೊಳಗೇ ಉಕ್ಕಿನ ಪಂಜರ ಇಳಿಸಿ, ತಳದಿಂದ ಕಾಂಕ್ರೀಟು ಸುರಿದರೆ ಗಂಜಿ ಮೇಲೆ ಬರುತ್ತದೆ, ಕೆಳಗೆ ಗೋಡೆ ನಿಲ್ಲುತ್ತದೆ. ಎರಡು ಗೋಡೆಗಳ ನಡುವೆ ಆಮೇಲೆ ಅಗೆದು, ಪೆಟ್ಟಿಗೆಯಂತೆ ಕಟ್ಟಿ, ಮೇಲೆ ಮುಚ್ಚುವುದು. ಬೆಳಗಾಛಿಯಿಂದ ಶ್ಯಾಮಬಜಾರಿನ ನಡುವೆ ಕಾಲುವೆ ಮತ್ತು ರೈಲ್ವೆ ಯಾರ್ಡಿನ ಕೆಳಗೆ ಹಾಯಬೇಕಾದ ಕಡೆ ಮಾತ್ರ ಮೇಲಿನಿಂದ ಅಗೆಯಲಾಗದೆ ಸುರಂಗ ಕೊರೆದರು.

ಹೇಳುವುದಕ್ಕೆ ಇಷ್ಟು ಸುಲಭ. ಆದರೆ ಆ ರಸ್ತೆಗಳ ಕೆಳಗೆ ಬ್ರಿಟಿಷರ ಕಾಲದಿಂದ ಹೂತಿಟ್ಟ ನೀರಿನ ಕೊಳವೆ, ಚರಂಡಿ, ಗ್ಯಾಸಿನ ಕೊಳವೆ, ಟೆಲಿಫೋನು ತಂತಿಗಳಿದ್ದವು. ಅವನ್ನೆಲ್ಲ ಮೊದಲು ಸ್ಥಳಾಂತರಿಸಬೇಕು. ಕೋರ್ಟಿನ ತಡೆಯಾಜ್ಞೆಗಳು ಬಂದವು. ಸಿಮೆಂಟು, ಉಕ್ಕು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ದಿಲ್ಲಿಯಿಂದ ಹಣ ಬರುವುದು ನಿಂತು ನಿಂತು ಬಂತು. 140 ಕೋಟಿ ರೂಪಾಯಿಯ ಅಂದಾಜು ಮುಗಿಯುವ ಹೊತ್ತಿಗೆ ಹತ್ತು ಪಟ್ಟನ್ನೂ ಮೀರಿತ್ತು.

ಇದೆಲ್ಲ ವರದಿಗಳಲ್ಲಿ ಸಿಗುವ ವಿಷಯ. ವರದಿಯಲ್ಲಿ ಸಿಗದ್ದನ್ನು ನನಗೆ ಹೇಳಿದವರು ಮಾಶಿಮಾ, ನಮ್ಮ ಮನೆಯ ಕೆಳಗಿನ ಭಾಗದಲ್ಲಿದ್ದ ಅರವತ್ತೈದು ದಾಟಿದ ವಿಧವೆ. ಮಾಶಿಮಾ ಎಂದರೆ ಬಂಗಾಳಿಯಲ್ಲಿ ಚಿಕ್ಕಮ್ಮ, ದೊಡ್ಡಮ್ಮ. ನನ್ನನ್ನು ಅವರು ‘ಬೌಮಾ’ ಎನ್ನುತ್ತಿದ್ದರು, ಸೊಸೆಯನ್ನು ಕರೆಯುವ ಹಾಗೆ. ಅವರ ತವರು ಉತ್ತರದ ಶ್ಯಾಮಬಜಾರಿನಲ್ಲಿ. ಊರಿನ ಈ ತುದಿಯಿಂದ ಆ ತುದಿ. ಒಬ್ಬನೇ ತಮ್ಮ ಅಲ್ಲಿದ್ದ. ಅಗೆತ ಶುರುವಾಗುವ ಮೊದಲು ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದರಂತೆ. ಆಮೇಲೆ ಬಸ್ಸುಗಳು ಸುತ್ತುಬಳಸಿ ಹೋಗತೊಡಗಿದವು. ನಿಂತು ನಿಂತು ಕಾಲು ಊದಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಗಿ, ಕೊನೆಗೆ ದುರ್ಗಾಪೂಜೆಯ ನಂತರ ವರ್ಷಕ್ಕೊಂದು ಸಲ ಹೋದರೆ ಹೋದರು.

‘ನನ್ನ ತಮ್ಮ ಬೇರೆ ದೇಶದಲ್ಲಿಲ್ಲ ಬೌಮಾ, ಇದೇ ಊರಿನಲ್ಲಿದ್ದಾನೆ. ಆದರೂ ಕಾಗದ ಬರೆಯುತ್ತೇನೆ ನೋಡು’ ಎಂದು ನಗುತ್ತಿದ್ದರು. ನಗುವಿನ ಹಿಂದೆಯೇ, ‘ಪಾತಾಳ ರೇಲ್ ಆಗಲಿ. ಇಲ್ಲಿ ಹತ್ತಿದರೆ ಅಲ್ಲಿಳಿಯುವುದು. ಅವನಿಗೆ ಬಿಸಿ ಲೂಚಿ ತೆಗೆದುಕೊಂಡು ಹೋಗುತ್ತೇನೆ’ ಎನ್ನುವರು.

ಮಳೆಗಾಲ ಬಂದರೆ ಕೇಳುವುದೇ ಬೇಡ. ಕಲ್ಕತ್ತೆಯಲ್ಲಿ ಒಂದು ಗಂಟೆ ಮಳೆ ಹೊಯ್ದರೆ ಮೊಣಕಾಲುದ್ದ ನೀರು. ಯಾವುದು ರಸ್ತೆ, ಯಾವುದು ಹಳ್ಳ ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಬೀದಿಯ ತುಂಬು ಗರ್ಭಿಣಿಯೊಬ್ಬಳನ್ನು ಆಸ್ಪತ್ರೆಗೆ ಸೇರಿಸಲು ಟ್ಯಾಕ್ಸಿ ಬಾರದೆ, ರಿಕ್ಷಾ ಎಳೆಯುವವನು ಸೊಂಟದವರೆಗಿನ ನೀರಿನಲ್ಲಿ ಅವಳನ್ನು ಎಳೆದುಕೊಂಡು ಹೋದದ್ದನ್ನು ನಾನೇ ಮಹಡಿಯಿಂದ ನೋಡಿದ್ದೇನೆ. ದೊಡ್ಡ ರಸ್ತೆಯ ಸಣ್ಣ ಅಂಗಡಿಗಳಿಗೆ ಗಿರಾಕಿಗಳು ಬರಲು ದಾರಿಯಿರಲಿಲ್ಲ. ರವಿಕೆ ಹೊಲಿಯುತ್ತಿದ್ದ ಮುದುಕನೊಬ್ಬ ಎರಡು ವರ್ಷ ಕಾದು, ಮಿಷನ್ನು ಮಾರಿ ತನ್ನ ಹಳ್ಳಿಗೆ ಹೊರಟುಹೋದ. ಬೀದಿ ಅಗೆದರೆ ವಾಹನ ನಿಲ್ಲುತ್ತದೆಂದು ಎಲ್ಲರೂ ಹೇಳುತ್ತಾರೆ. ಎಷ್ಟು ಮನೆಗಳ ಒಲೆಯ ಲೆಕ್ಕ ತಪ್ಪುತ್ತದೆಂದು ಯಾವ ಅಂದಾಜು ಪಟ್ಟಿಯಲ್ಲೂ ಬರುವುದಿಲ್ಲ.

ಅಂತೂ 1982ರಲ್ಲಿ ಮಾಲ್ಡಾ ಜಿಲ್ಲೆಯ ಘನಿ ಖಾನ್ ಚೌಧುರಿಯವರು ರೈಲ್ವೆ ಮಂತ್ರಿಗಳಾದರು. ಬಂಗಾಳಿಗಳು ಇಂದಿಗೂ ಈ ರೈಲಿನ ಕೀರ್ತಿಯಲ್ಲಿ ದೊಡ್ಡ ಪಾಲನ್ನು ಅವರಿಗೆ ಕೊಡುತ್ತಾರೆ. ಕೆಲಸ ಚುರುಕಾಯಿತು. 1984ರ ಅಕ್ಟೋಬರ್ 24, ದೀಪಾವಳಿಯ ಅಮಾವಾಸ್ಯೆ. ಎಸ್ಪ್ಲನೇಡಿನಿಂದ ಭವಾನೀಪುರದವರೆಗೆ 3.4 ಕಿಲೋಮೀಟರು, ಐದು ನಿಲ್ದಾಣ. ಊರೆಲ್ಲ ಕಾಳೀಪೂಜೆಯ ದೀಪಗಳು, ನೆಲದಡಿಯಲ್ಲಿ ರೈಲು! ಸರಿಯಾಗಿ ಒಂದು ವಾರಕ್ಕೆ, ಅಕ್ಟೋಬರ್ 31ರಂದು, ಅಡಿಗಲ್ಲಿಟ್ಟಿದ್ದ ಇಂದಿರಾಗಾಂಧಿಯವರ ಹತ್ಯೆಯಾಯಿತು. ಆ ಗಲಭೆ, ದುಃಖ ಎಲ್ಲ ಶಾಂತವಾದ ಮೇಲೆ ನವೆಂಬರಿನ ಕೊನೆಗೆ ನಾವು ಹೋದೆವು, ಮಾಶಿಮಾರನ್ನೂ ಕರೆದುಕೊಂಡು.

ಭವಾನೀಪುರದ ನಿಲ್ದಾಣಕ್ಕೆ ಮೆಟ್ಟಿಲಿಳಿದರೆ ಮೇಲಿನ ಊರಿಗೂ ಕೆಳಗಿನದಕ್ಕೂ ಸಂಬಂಧವೇ ಇಲ್ಲವೆನ್ನಿಸಿತು. ಒರೆಸಿಟ್ಟ ನೆಲ, ತಣ್ಣನೆಯ ಗಾಳಿ, ಬೆಳಕು. ಮೇಲೆ ರಸ್ತೆಯಲ್ಲಿ ಕಂಡಕಂಡಲ್ಲಿ ಪಾನ್ ಉಗುಳುತ್ತಿದ್ದವರೇ ಇಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ರವೀಂದ್ರ ಸದನ ನಿಲ್ದಾಣದ ಗೋಡೆಗಳ ಮೇಲೆ ರವೀಂದ್ರನಾಥ ಠಾಕೂರರ ಕೃತಿಗಳನ್ನು ಕಂಡಾಗ ನನಗೆ ಹೊಟ್ಟೆಕಿಚ್ಚೇ ಆಯಿತು. ರೈಲು ನಿಲ್ದಾಣವನ್ನು ಕವಿಯ ಹೆಸರಿನಲ್ಲಿ ಸಿಂಗರಿಸುವ ಜನ! ಚಲಿಸುವ ಮೆಟ್ಟಿಲಿನ ಮುಂದೆ ಮಾತ್ರ ಮಾಶಿಮಾ ಹೆಜ್ಜೆ ಕಿತ್ತಿಡಲಿಲ್ಲ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ‘ಇದು ನನ್ನ ಸೀರೆ ನುಂಗುತ್ತದೆ, ನಾನು ಕಲ್ಲಿನ ಮೆಟ್ಟಿಲಲ್ಲೇ ಬರುತ್ತೇನೆ’ ಎಂದು ಹತ್ತಿ ಬಂದರು. ಆಮೇಲೆ ಕೇಳಿದರು: ‘ಶ್ಯಾಮಬಜಾರಿಗೆ ಯಾವಾಗ?’

ಅದೇ ನವೆಂಬರ್ 12ರಂದು ಉತ್ತರದ ತುದಿಯಲ್ಲಿ ಡಂಡಂ–ಬೆಳಗಾಛಿಯ ನಡುವೆ ಎರಡು ಕಿಲೋಮೀಟರಿನಷ್ಟು ಇನ್ನೊಂದು ತುಂಡೂ ತೆರೆದಿತ್ತು. ಅತ್ತ ಒಂದು ತುಂಡು, ಇತ್ತ ಒಂದು ತುಂಡು, ನಡುವೆ ಊರಿನ ಹೊಟ್ಟೆ ಹಾಗೇ. 1986ರ ಏಪ್ರಿಲ್ 29ರಂದು ನಮ್ಮ ಕಡೆಯ ರೈಲು ಕಾಲೀಘಾಟಿನ ಮೇಲೆ ಟಾಲಿಗಂಜಿನವರೆಗೆ ಬಂತು. ಅಂದಿನಿಂದ ನನ್ನ ಬಾಳಿನಲ್ಲೂ ಒಂದು ಬದಲಾವಣೆಯಾಯಿತು. ಅದುವರೆಗೆ ನಮ್ಮವರ ರಜಾದಿನ ನೋಡಿಕೊಂಡೇ ಪೇಟೆಗೆ ಹೋಗುತ್ತಿದ್ದವಳು ಒಬ್ಬಳೇ ಹೊರಟೆ. ಬಸ್ಸಿನಲ್ಲಿ ಗಂಡಸರ ನೂಕುನುಗ್ಗಲಿನ ನಡುವೆ ಕೈ ಎಲ್ಲಿಡಬೇಕು, ಚೀಲ ಎಲ್ಲಿ ಅಡ್ಡ ಹಿಡಿಯಬೇಕು ಎಂಬ ಚಿಂತೆ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಈ ರೈಲಿನಲ್ಲಿ ಆ ಚಿಂತೆ ಕಡಿಮೆ. ಭಾಷೆ ಅರೆಬರೆ ಬಂದರೂ ನಿಲ್ದಾಣದ ಹೆಸರು ಓದಿಕೊಂಡು ಇಳಿಯಬಹುದು, ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ಹೇಳಿ ಹೊರಡಬಹುದು. ಪಾರ್ಕ್ ಸ್ಟ್ರೀಟಿನ ಬಳಿಯ ಒಂದು ಗ್ರಂಥಾಲಯಕ್ಕೆ ಸದಸ್ಯಳಾದೆ. ಮಗ ಶಾಲೆಯಿಂದ ಬರುವುದರೊಳಗೆ ಮನೆಗೆ ಮರಳುತ್ತಿದ್ದೆ. ಊರಿಗೆ ರೈಲು ಬಂತು ಎಂದರೆ ಗಂಡಸರಿಗೆ ಕಚೇರಿಗೆ ಬೇಗ ತಲುಪುವ ಮಾತು. ನಮ್ಮಂಥವರಿಗೆ ಅದು ಮಧ್ಯಾಹ್ನದ ಮೂರು ಗಂಟೆಯನ್ನು ಸ್ವಂತಕ್ಕೆ ಪಡೆದಂತೆ.

ಮುಂದೆ 2008ರಲ್ಲಿ ಈ ರೈಲಿನ ಎರಡು ಡಬ್ಬಿಗಳನ್ನು ಪೂರ್ತಿ ಹೆಂಗಸರಿಗೇ ಮೀಸಲಿಟ್ಟು ನೋಡಿದರು. ಗಂಡ-ಮಕ್ಕಳ ಜೊತೆ ಬಂದವರಿಗೆ ತೊಡಕಾಗಿ, ಹೆಂಗಸರೂ ಗೊಣಗಿ, ಆ ಪ್ರಯೋಗ ನಿಂತಿತು. 2010ರಲ್ಲಿ ದಿಲ್ಲಿಯವರು ಹೆಂಗಸರಿಗೇ ಒಂದು ಡಬ್ಬಿಯನ್ನಿಟ್ಟರು. ಅದು ಅಲ್ಲಿ ನೆಲೆಯೂರಿತು. ಒಂದೊಂದು ಊರಿನ ಹೆಂಗಸರಿಗೆ ಒಂದೊಂದು ಅನುಭವ.

ನಾವು 1989ರಲ್ಲಿ ಕಲ್ಕತ್ತೆ ಬಿಟ್ಟು ಮೈಸೂರಿಗೆ ಬಂದೆವು. ನಡುವಿನ ಭಾಗ ಇನ್ನೂ ಅಗೆತದಲ್ಲೇ ಇತ್ತು. ಉತ್ತರದ ಪುಟ್ಟ ತುಂಡನ್ನು 1992ರಲ್ಲಿ ನಿಲ್ಲಿಸಿಯೇಬಿಟ್ಟರು. 1994ರ ಆಗಸ್ಟಿನಲ್ಲಿ ಅದು ಮತ್ತೆ ತೆರೆದು ಶ್ಯಾಮಬಜಾರಿನವರೆಗೆ ಬಂತು. 1995ರ ಸೆಪ್ಟೆಂಬರ್ 27ರಂದು ಮಹಾತ್ಮಾಗಾಂಧಿ ರಸ್ತೆಯ ಕಡೆಯ ಅಂತರವೂ ತುಂಬಿ, ಡಂಡಂನಿಂದ ಟಾಲಿಗಂಜಿಗೆ ಹದಿನೇಳು ನಿಲ್ದಾಣಗಳ ಹಾದಿ ಒಂದಾಯಿತು. ಆ ಪೂಜೆಯ ಸಮಯಕ್ಕೆ ಮಾಶಿಮಾರ ಸೊಸೆ ನನಗೆ ಕಾಗದ ಬರೆದಿದ್ದಳು: ‘ಈಗ ಕಾಲೀಘಾಟಿನಲ್ಲಿ ಹತ್ತಿ ಶ್ಯಾಮಬಜಾರಿನಲ್ಲಿ ಇಳಿಯಬಹುದು. ಅತ್ತೆಯವರು ಇದ್ದಿದ್ದರೆ ಮೊದಲ ದಿನವೇ ಹೋಗುತ್ತಿದ್ದರು.’ ಮಾಶಿಮಾ 1993ರ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಹಳ್ಳ ನೋಡಿದವರು ಒಬ್ಬರು, ದಾರಿ ಕಂಡವರು ಇನ್ನೊಬ್ಬರು.

ರೈಲಿನ ಬಾಳು ಮುಂದುವರಿಯಿತು. 2001ರಲ್ಲಿ ಕಲ್ಕತ್ತೆ ಕೋಲ್ಕತಾ ಆಯಿತು. 2009ರಲ್ಲಿ ಹಾದಿ ದಕ್ಷಿಣಕ್ಕೆ ಗರಿಯಾವರೆಗೆ ಬೆಳೆದು, ಟಾಲಿಗಂಜಿಗೆ ಚಿತ್ರನಟ ಉತ್ತಮಕುಮಾರರ ಹೆಸರು ಬಂತು. 2021ರ ಫೆಬ್ರುವರಿಯಲ್ಲಿ ಉತ್ತರಕ್ಕೆ ದಕ್ಷಿಣೇಶ್ವರದವರೆಗೆ ಹೋಯಿತು. ಪರಮಹಂಸರ ಕಾಳಿಯನ್ನೂ ಕಾಲೀಘಾಟಿನ ಕಾಳಿಯನ್ನೂ ಒಂದೇ ರೈಲು ಕೂಡಿಸಿತು. 2021ರ ಅಕ್ಟೋಬರ್ 24ರಂದು, ಮೊದಲ ಬಂಡಿ ಓಡಿದ ದಿನದಂದೇ, ಹವಾನಿಯಂತ್ರಣವಿಲ್ಲದ ಹಳೆಯ ಡಬ್ಬಿಗಳನ್ನು ಬೀಳ್ಕೊಟ್ಟರು. ಅವುಗಳ ಬಗ್ಗೆ ಒಂದು ಮಾತು ಹೇಳಬೇಕು. ಡಬ್ಬಿಗಳು ಮದ್ರಾಸಿನ ಪೆರಂಬೂರು ಕಾರ್ಖಾನೆಯವು. ಅವುಗಳೊಳಗಿನ ವಿದ್ಯುತ್ ಸಲಕರಣೆ ನಮ್ಮ ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯದು. ಕಾರ್ಖಾನೆ ಮುಚ್ಚಿಹೋಯಿತು. ಅದೇ ಬೈಯಪ್ಪನಹಳ್ಳಿಯಿಂದ 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೊ ಹೊರಟಿತು.

ಇನ್ನು ಹೂಗ್ಲಿ ದಾಟುವ ಹಳೆಯ ಕನಸು. ಅದಕ್ಕೆ 2009ರಲ್ಲಿ ಅಡಿಗಲ್ಲು ಬಿತ್ತು. ಈ ಸಲ ಬೀದಿ ಅಗೆಯಲಿಲ್ಲ. ಕೆಳಗಡೆಯೇ ಯಂತ್ರಗಳು ಕೊರೆಯುತ್ತ ಹೋದವು. ಸುರಂಗ ಕೊರೆಯುವ ಯಂತ್ರಗಳಿಗೆ ಹೆಂಗಸರ ಹೆಸರಿಡುವುದು ರೂಢಿ. ನಮ್ಮ ಬೆಂಗಳೂರಿನಲ್ಲೂ ಊರ್ಜಾ, ಅವನಿ, ತುಂಗಾ, ಭದ್ರಾ ಇದ್ದರಲ್ಲ. ಕೋಲ್ಕತಾದಲ್ಲಿ 2017ರಲ್ಲಿ ರಚನಾ, ಪ್ರೇರಣಾ ಎಂಬಿಬ್ಬರು ನದಿಯ ಪಾತ್ರಕ್ಕಿಂತ ಹದಿಮೂರು ಮೀಟರು ಕೆಳಗೆ, 520 ಮೀಟರು ದೂರ ಕೊರೆದು ದಾಟಿದರು. ನದಿ ಏನೂ ಮಾಡಲಿಲ್ಲ. ಪೆಟ್ಟು ಬಿದ್ದದ್ದು ಮನೆಗಳಿಗೆ.

2019ರ ಆಗಸ್ಟ್ 31. ‘ಚಂಡಿ’ ಎಂಬ ಯಂತ್ರ ಬೌಬಜಾರಿನ ಕೆಳಗೆ ಹೋಗುವಾಗ ನೀರು ತುಂಬಿದ ಮರಳಿನ ಪದರಕ್ಕೆ ತಾಗಿತು. ಮಣ್ಣು ನೀರು ಒಟ್ಟಾಗಿ ಸುರಂಗಕ್ಕೆ ನುಗ್ಗಿತು, ಮೇಲಿನ ನೆಲ ಕುಸಿಯಿತು. ಬೌಬಜಾರ್ ಎಂದರೆ ಚಿನ್ನದ ಕೆಲಸದವರ ಕೇರಿ. ಬಂಗಾಳದ ಅರ್ಧ ಮದುವೆಗಳ ಒಡವೆ ಅಲ್ಲಿಯದೇ. ದುರ್ಗಾ ಪಿತುರಿ ಗಲ್ಲಿ, ಶೇಕ್ರಾಪಾಡಾ ಗಲ್ಲಿಯ ನೂರಾರು ವರ್ಷದ ಮನೆಗಳು ಬಿರಿದವು, ಕೆಲವು ಉರುಳಿದವು. ನೂರಾರು ಮಂದಿ ಉಟ್ಟ ಬಟ್ಟೆಯಲ್ಲಿ ಹೋಟೆಲು ಕೋಣೆಗಳಿಗೆ ಹೋದರು. ಆಮೇಲೆ ಮನೆಗೊಬ್ಬರಂತೆ ಸ್ವಲ್ಪ ಹೊತ್ತು ಒಳಗೆ ಬಿಟ್ಟರು, ಬೇಕಾದ್ದನ್ನು ತಂದುಕೊಳ್ಳಿ ಎಂದು. ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ಉಳಿದ ಸುರಂಗವನ್ನು ‘ಊರ್ವಿ’ ಎಂಬ ಯಂತ್ರ ಮುಗಿಸಿತು. ಆದರೂ 2022ರ ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಅದೇ ಕೇರಿಯ ಮನೆಗಳು ಬಿರುಕುಬಿಟ್ಟವು. ಜನ ಮತ್ತೆ ಹೊರಬಿದ್ದರು.

ಕೆಲವು ನಿಮಿಷ ಕೊಟ್ಟರೆ ಮನೆಯೊಳಗಿಂದ ಏನು ತರುತ್ತೀರಿ? ಗಂಡಸರು ಮನೆಯ ಪತ್ರ, ಬ್ಯಾಂಕಿನ ಪುಸ್ತಕ ತರುತ್ತಾರೆ. ನಾನಾಗಿದ್ದರೆ ಒಡವೆಯ ಡಬ್ಬಿಯ ಜೊತೆ ಅತ್ತೆಯ ಔಷಧಿಯನ್ನೂ ದೇವರ ಮುಂದಿನ ಬೆಳ್ಳಿ ದೀಪವನ್ನೂ ನೋಡುತ್ತ ನಿಂತುಬಿಡುತ್ತಿದ್ದೆನೋ ಏನೋ. ಈ ಸುದ್ದಿ ಓದಿದಾಗ ಮಾಶಿಮಾರ ಸೊಸೆಗೆ ಫೋನು ಮಾಡಿದೆ. ‘ಹೊಸ ಮನೆ ಕಟ್ಟಿಕೊಡುತ್ತಾರಂತೆ ದೀದಿ. ಆದರೆ ಆ ಗಲ್ಲಿಯಲ್ಲಿ ಒಬ್ಬರ ಅಡುಗೆಮನೆಯಿಂದ ಇನ್ನೊಬ್ಬರ ಅಡುಗೆಮನೆಗೆ ಬಟ್ಟಲು ದಾಟುತ್ತಿತ್ತು. ಅದನ್ನು ಯಾರು ಕಟ್ಟುತ್ತಾರೆ?’ ಎಂದಳು.

2024ರ ಮಾರ್ಚ್ 15ರಿಂದ ನದಿಯ ಕೆಳಗೆ ಜನರ ಓಡಾಟ ಶುರುವಾಯಿತು. 2025ರ ಆಗಸ್ಟ್ 22ರಂದು ಬೌಬಜಾರಿನ ಕೆಳಗಿನ ತುಂಡೂ ಕೂಡಿ, ಹೌರಾ ಮೈದಾನದಿಂದ ಸಾಲ್ಟ್‌ಲೇಕಿನವರೆಗೆ ಹಾದಿ ಪೂರ್ಣವಾಯಿತು. ನಾನು 2024ರ ಡಿಸೆಂಬರಿನಲ್ಲಿ ಮಗನ ಜೊತೆ ಹೋಗಿದ್ದೆ. ಹೌರಾದಿಂದ ಹೊರಟು ನದಿ ದಾಟಲು ಬೇಕಾದದ್ದು 45 ಸೆಕೆಂಡು. ನೀರಿನ ಕೆಳಗಿದ್ದೇವೆಂದು ತಿಳಿಯಲೆಂದು ಸುರಂಗದ ಗೋಡೆಗೆ ನೀಲಿ ದೀಪ ಹಚ್ಚಿದ್ದಾರೆ. ಆ ರೈಲು ಬೆಂಗಳೂರಿನ ಬಿಇಎಂಎಲ್‌ನಲ್ಲಿ ತಯಾರಾದದ್ದೆಂದು ಮಗ ಹೇಳಿದಾಗ ಡಬ್ಬಿಯ ಕಂಬವನ್ನು ಒಮ್ಮೆ ಮುಟ್ಟಿ ನೋಡಿದೆ. ಮರುದಿನ ಒಬ್ಬಳೇ ಕಾಲೀಘಾಟಿನಲ್ಲಿ ಹತ್ತಿ ಶ್ಯಾಮಬಜಾರಿನಲ್ಲಿ ಇಳಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಇದನ್ನೆಲ್ಲ ಮೆಟ್ರೊ ಬೇಡವೆಂದು ಹೇಳಲು ಬರೆದಿಲ್ಲ. ಅದರಿಂದ ಸಿಗುವ ಬಿಡುಗಡೆಯನ್ನು ನಾನೇ ಉಂಡಿದ್ದೇನೆ. ಬೆಂಗಳೂರಿನಲ್ಲಿ ನೆಲದಡಿಯ ಮೊದಲ ಹಾದಿ ಉದ್ಘಾಟನೆಯಾದದ್ದು 2016ರ ಏಪ್ರಿಲ್ 29ರಂದು. ನಮ್ಮ ಕಾಲೀಘಾಟಿಗೆ ರೈಲು ಬಂದು ಸರಿಯಾಗಿ ಮೂವತ್ತು ವರ್ಷಕ್ಕೆ. ಅದರಲ್ಲಿ ಓಡಾಡುವ ಹೆಣ್ಣುಮಕ್ಕಳನ್ನೂ, ಅದನ್ನು ಓಡಿಸುವ ಹೆಣ್ಣುಮಕ್ಕಳನ್ನೂ ನೋಡಿದರೆ ಸಂತೋಷವಾಗುತ್ತದೆ. ಅದೇ ಬೆಂಗಳೂರಿನಲ್ಲಿ 2023ರ ಜನವರಿ 10ರಂದು ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ಗಂಡನ ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿಯೊಬ್ಬಳು ಪುಟ್ಟ ಮಗನೊಂದಿಗೆ ತೀರಿಕೊಂಡಳು. ಎರಡೂ ಒಂದೇ ಚರಿತ್ರೆಯ ಪುಟಗಳು.

ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಕೆತ್ತುತ್ತಾರೆ. ಹಲಗೆ ಸೇತುವೆ ದಾಟಿದವರು, ಹೊಲಿಗೆ ಮಿಷನ್ನು ಮಾರಿದವನು, ಗಲ್ಲಿ ಬಿಟ್ಟು ಹೋಟೆಲು ಕೋಣೆ ಸೇರಿದವರು, ಇವರ ಹೆಸರುಗಳಿಗೆ ಆ ಕಲ್ಲಿನಲ್ಲಿ ಜಾಗ ಸಾಲದು. ನಾಳೆ ನಮ್ಮ ನಿಮ್ಮ ಊರಿನ ಬೀದಿಯನ್ನೂ ಯಾವುದೋ ಒಳ್ಳೆಯ ಕೆಲಸಕ್ಕೆಂದು ಅಗೆಯಬಹುದು. ಎಷ್ಟು ಕೋಟಿ, ಎಷ್ಟು ಕಿಲೋಮೀಟರು ಎಂದು ಗಂಡಸರು ಪೇಪರಿನಲ್ಲಿ ಓದಿ ಹೇಳುತ್ತಾರೆ. ನಾವು ಕೇಳಬೇಕಾದದ್ದು ಬೇರೆ: ಎಷ್ಟು ವರ್ಷ, ಯಾರ ಮನೆಯ ಮುಂದೆ, ಮಳೆ ಬಂದರೆ ಬಸುರಿಯೊಬ್ಬಳು ಆಸ್ಪತ್ರೆಗೆ ಹೋಗುವ ದಾರಿ ಯಾವುದು? ಅಗೆಯುವ ಮೊದಲೇ ಕೇಳಬೇಕು.